ಪ್ರಶ್ನೆಗೆ ಎಷ್ಟು ನಿಮಿಷ?

ನಮ್ಮ ಕಡೆಯ ಯಾವುದಾದರೂ ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ವಿಭಾಗದ ಆಮಂತ್ರಣ ಪತ್ರಿಕೆ ಬಿಡಿಸಿ ನೋಡಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಆಶಯ ನುಡಿ, ಘನ ಉಪಸ್ಥಿತಿ. ಉಪನ್ಯಾಸದ ವಿಷಯವನ್ನು ಈ ಹೆಸರುಗಳ ಸಂದಿಯಲ್ಲಿ ಹುಡುಕಿಕೊಳ್ಳಬೇಕು. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಸಮಾಜ ವಿಜ್ಞಾನ ಸ್ಕೂಲಿನ ಭಿತ್ತಿಪತ್ರದಲ್ಲಿ ಇರುವುದು ವಿಷಯ, ಮಾತಾಡುವವರು, ದಿನ, ಹೊತ್ತು, ಕೋಣೆ ಮಾತ್ರ. ಇದನ್ನು ಸರಳತೆ, ಆಡಂಬರ ಎಂದು ವಿಂಗಡಿಸಿ ಸುಮ್ಮನಾಗುವ ಹೊರನಾಡಿಗರು ಬಹಳ. ನನಗೆ ಕಾಣುವ ವ್ಯತ್ಯಾಸ ಬೇರೆ: ಕೇಳುಗನ ಪ್ರಶ್ನೆಗೆ ಯಾರು ಎಷ್ಟು ಹೊತ್ತು ಎತ್ತಿಡುತ್ತಾರೆ ಎಂಬುದು.

ನಮ್ಮ ಲೆಕ್ಕ ಹಾಕೋಣ. ಪತ್ರಿಕೆಯಲ್ಲಿ 10.30, ಉದ್ಘಾಟಕರು ಬರುವುದು 11.15. ನಾಡಗೀತೆಯ ತಪ್ಪಲ್ಲ, 2022ರ ಸರ್ಕಾರಿ ಆದೇಶದ ಪ್ರಕಾರ ಅದಕ್ಕೆ ಎರಡೂವರೆ ನಿಮಿಷ ಸಾಕು. ಹೊತ್ತು ತಿನ್ನುವುದು ಸ್ವಾಗತ. ವೇದಿಕೆಯಲ್ಲಿ ಏಳು ಜನರಿದ್ದರೆ, ಒಬ್ಬೊಬ್ಬರ ಪದವಿಗಳನ್ನು ಓದಿ, ಹೂಗುಚ್ಛ ಕೊಟ್ಟು, ಫೋಟೋಗೆ ನಿಲ್ಲುವ ಹೊತ್ತಿಗೆ ಕಾಲು ಗಂಟೆ. ದೀಪಕ್ಕೆ ಐದು (ಫ್ಯಾನ್ ಆರಿಸಲು ಮರೆತಿದ್ದರೆ ಎಂಟು), ಪ್ರಾಸ್ತಾವಿಕಕ್ಕೆ ಹತ್ತು, ಉದ್ಘಾಟನಾ ಭಾಷಣಕ್ಕೆ ಇಪ್ಪತ್ತು, ಇಬ್ಬರು ಅತಿಥಿಗಳಿಗೆ ಇನ್ನಿಪ್ಪತ್ತು. ಓದಿ ತಯಾರಾಗಿ ಬಂದ ವಿದ್ವಾಂಸರ ಕೈಗೆ ಮೈಕು ಸಿಗುವಾಗ ಹನ್ನೆರಡೂವರೆ. ಒಂದೂಕಾಲಿಗೆ ಹಿಂದಿನ ಬಾಗಿಲಿನಿಂದ ಸಾರಿನ ಒಗ್ಗರಣೆ ಘಮ್ಮೆನ್ನುತ್ತದೆ. ‘ಸಮಯದ ಅಭಾವದಿಂದ ಸಂವಾದವನ್ನು ಊಟದ ಜತೆಗೇ ಇಟ್ಟುಕೊಳ್ಳೋಣ’ ಎಂದು ನಿರೂಪಕರು ಹೇಳಿದರೆ ಯಾರಿಗೂ ಬೇಸರವಿಲ್ಲ. ಸಭಾಂಗಣ ತುಂಬಲೆಂದು ತರಗತಿಯಿಂದ ಎಬ್ಬಿಸಿ ತಂದ ಮಕ್ಕಳಿಗಂತೂ ಅದು ಬಿಡುಗಡೆ.

ಜೆಎನ್‌ಯು ಸ್ಕೂಲಿನಲ್ಲಿ ಒಂದೊಂದು ಕೇಂದ್ರಕ್ಕೂ, ಅಂದರೆ ವಿಭಾಗಕ್ಕೂ, ವಾರದ ಸೆಮಿನಾರ್ ಉಂಟು. ಇತಿಹಾಸದವರದು ಬುಧವಾರ, ಸಮಾಜಶಾಸ್ತ್ರದವರದು ಗುರುವಾರ ಎಂದು ರೂಢಿ. ಉದ್ದನೆಯ ಮೇಜು, ಸುತ್ತ ಕುರ್ಚಿ, ಗೋಡೆಗೆ ಒತ್ತಿ ಇನ್ನೊಂದು ಸಾಲು. ಪೀಠದಲ್ಲಿರುವ ಅಧ್ಯಾಪಕರು ಎರಡು ನಿಮಿಷದಲ್ಲಿ ಪರಿಚಯ ಮುಗಿಸುತ್ತಾರೆ. ಮಾತು ನಲವತ್ತೈದು ನಿಮಿಷ, ಉಳಿದ ಮುಕ್ಕಾಲು ಗಂಟೆ ಪ್ರಶ್ನೆಗೆ. ಕೈಯೆತ್ತಿದವರ ಹೆಸರನ್ನು ಪೀಠದವರು ಚೀಟಿಯಲ್ಲಿ ಗುರುತು ಹಾಕಿಕೊಂಡು ಸರದಿಯಂತೆ ಕರೆಯುತ್ತಾರೆ.

ಇದರಲ್ಲೂ ಹುಳುಕಿದೆ. ಹೊತ್ತು ಉಳಿಸಲು ಮೂರು ನಾಲ್ಕು ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರ ಕೇಳಿದರೆ, ಭಾಷಣಕಾರರು ಸುಲಭದ ಎರಡನ್ನು ಹಿಡಿದುಕೊಂಡು ಬಿಸಿಯಾದ ಒಂದನ್ನು ಮೆಲ್ಲಗೆ ಕೈಬಿಡುತ್ತಾರೆ. ಮೊದಲು ಕೈಯೆತ್ತುವವರು ಯಾವಾಗಲೂ ಪಳಗಿದವರೇ. ‘ಇದು ಪ್ರಶ್ನೆಯಲ್ಲ, ಒಂದು ಟಿಪ್ಪಣಿ’ ಎಂದು ಶುರುಮಾಡಿದರೆ ಏಳು ನಿಮಿಷ ಹೋದಂತೆಯೇ. ಎಂ.ಎ. ಮೊದಲ ವರ್ಷಕ್ಕೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ. ಈ ಒಂದು ವಿಷಯದಲ್ಲಿ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಳಿಸುವ ನಮ್ಮ ಪದ್ಧತಿಯೇ ವಾಸಿ, ಚೀಟಿ ಆರಿಸುವವರು ಹಿತವಾದುದನ್ನಷ್ಟೇ ಹೆಕ್ಕದಿದ್ದರೆ.

ಆದರೆ ಆ ಕ್ಯಾಂಪಸ್ಸಿನ ನಿಜವಾದ ಸಾರ್ವಜನಿಕ ಉಪನ್ಯಾಸ ನಡೆಯುವುದು ತರಗತಿಯಲ್ಲಲ್ಲ, ಹಾಸ್ಟೆಲಿನ ಊಟದ ಮನೆಯಲ್ಲಿ. ಹಾಸ್ಟೆಲುಗಳಿಗೆಲ್ಲ ನದಿಗಳ ಹೆಸರು, ಕಾವೇರಿಯೂ ಇದ್ದಾಳೆ. ‘ಮೆಸ್ ಟಾಕ್’ ಎಂದು ಕರೆಯುವ ಇದನ್ನು ಏರ್ಪಡಿಸುವವರು ವಿದ್ಯಾರ್ಥಿ ಸಂಘಟನೆಗಳು. ವಾರ್ಡನ್ ಒಪ್ಪಿಗೆ ಮೊದಲು. ಆಮೇಲೆ ‘ಪರ್ಚಾ’, ಅಂದರೆ ಒಂದು ಹಾಳೆಯ ಕರಪತ್ರ. ಅದನ್ನು ರಾತ್ರಿ ಊಟದ ಹೊತ್ತಿಗೆ ಮೇಜುಗಳ ಮೇಲೆ ಇಟ್ಟುಹೋಗುತ್ತಾರೆ. ರೊಟ್ಟಿ ಮುರಿಯುತ್ತಾ ಓದಿದವನು ಎದುರಿನವನೊಂದಿಗೆ ವಾದಕ್ಕಿಳಿದರೆ ಅರ್ಧ ಸಭೆ ಆಗಲೇ ಸೇರಿದಂತೆ. ಊಟ ಮುಗಿದು ಒಂಬತ್ತೂವರೆಗೆ ಮೇಜುಗಳನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ಒಂದೇ ಕಡೆಗೆ ತಿರುಗಿಸುತ್ತಾರೆ. ವೇದಿಕೆಯಿಲ್ಲ, ದೀಪವಿಲ್ಲ, ಶಾಲಿಲ್ಲ. ಪ್ರಶ್ನೆ ನಡುರಾತ್ರಿಯವರೆಗೆ, ಅದೂ ಸಾಲದವರು ಢಾಬಾದಲ್ಲಿ ಚಹಾದ ಜತೆ ಮುಂದುವರಿಸುತ್ತಾರೆ.

ಕೆಡುವುದು ಎಲ್ಲಿ? ಒಂದು, ಸದ್ದು. ಬರಿ ನೆಲ, ಬರಿ ಗೋಡೆ, ಹಿಂದೆ ಸ್ಟೀಲ್ ತಟ್ಟೆಗಳ ರಾಶಿ. ಪಾತ್ರೆ ತೊಳೆಯುವ ಕಡೆ ಬೆನ್ನು ಮಾಡಿ ಭಾಷಣಕಾರರನ್ನು ನಿಲ್ಲಿಸಿದರೆ ಮೈಕು ಆ ಸದ್ದನ್ನೇ ಹಿಡಿಯುತ್ತದೆ. ಎದುರು ಗೋಡೆಯ ಹತ್ತಿರ ನಿಲ್ಲಿಸಬೇಕು. ಎರಡು, ಅಡುಗೆ ಕೆಲಸದವರು. ಬೆಳಗಿನ ತಿಂಡಿಗೆ ಅವರು ನಸುಕಿಗೇ ಏಳಬೇಕು, ಸಭೆ ಮುಗಿಯುವವರೆಗೆ ನೆಲ ಒರೆಸುವಂತಿಲ್ಲ. ಸಮಾನತೆಯ ಮೇಲೆ ಎರಡು ಗಂಟೆ ಮಾತಾಡಿ, ಮೇಜುಗಳನ್ನು ಅವರೇ ಎತ್ತಿಡಲಿ ಎಂದು ಎದ್ದುಹೋಗುವ ಸಂಘಟಕರನ್ನು ಏನೆನ್ನಬೇಕು? ಮೂರು, ವಾಪಸಿನ ದಾರಿ. ಸಾವಿರ ಎಕರೆಗೂ ಮೀರಿದ ಕ್ಯಾಂಪಸ್ಸು, ನಡುರಾತ್ರಿ ಆಟೋ ಸಿಗದು. ಭಾಷಣಕಾರರಿಗೆ ಸಂಭಾವನೆ ಇಲ್ಲದಿದ್ದರೂ ನಡೆಯುತ್ತದೆ, ಕಾರು ಗೊತ್ತುಮಾಡದೆ ನಡೆಯದು.

2016ರ ಫೆಬ್ರವರಿ, ಮಾರ್ಚಿನಲ್ಲಿ ಆಡಳಿತ ಕಟ್ಟಡದ ಮೆಟ್ಟಿಲ ಮೇಲೆ ರಾಷ್ಟ್ರೀಯತೆ ಕುರಿತು ಅಧ್ಯಾಪಕರು ನಡೆಸಿದ ಬಯಲು ಉಪನ್ಯಾಸ ಸರಣಿ ಇದೇ ಅಭ್ಯಾಸದ ಫಲ. ಅದರ ಹಿಂದೆ ದುಡಿದವರಲ್ಲಿ ಮೈಸೂರು, ಬೆಂಗಳೂರುಗಳ ಇತಿಹಾಸ ಬರೆದ ಜಾನಕಿ ನಾಯರ್ ಒಬ್ಬರು. ಅಲ್ಲಿಂದೀಚೆಗೆ ಕಟ್ಟುಪಾಡು ಬಿಗಿಯಾಗಿದೆ. ಸ್ಕೂಲಿನ ಕೆಂಪು ಇಟ್ಟಿಗೆ ಗೋಡೆಗಳ ಕೈಬರಹದ ಭಿತ್ತಿಚಿತ್ರಗಳನ್ನು 2019ರಲ್ಲಿ ಕಿತ್ತುಹಾಕಲಾಯಿತು. 2023ರ ನಿಯಮಾವಳಿಯಲ್ಲಿ ತರಗತಿ, ಆಡಳಿತ ಕಟ್ಟಡಗಳ ಬಳಿಯ ಧರಣಿಗೆ 20,000 ರೂಪಾಯಿವರೆಗೆ ದಂಡ ಗೊತ್ತುಮಾಡಲಾಯಿತು. ಪ್ರಶ್ನೆಗೆ ಎತ್ತಿಟ್ಟ ಹೊತ್ತನ್ನು ಕಸಿಯಲು ಹಾರ ತುರಾಯಿಯೇ ಬೇಕೆಂದಿಲ್ಲ.

ನಮ್ಮಲ್ಲಿ ಕೇಳುವ ಸಂಪ್ರದಾಯವೇ ಇಲ್ಲ ಎನ್ನುವುದು ಸುಳ್ಳು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳಲ್ಲಿ ಅಧ್ಯಾಪಕರೇ ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಆಮೇಲೆ ಅದು ಕಿರುಹೊತ್ತಗೆಯಾಗಿ ಬರುತ್ತಿತ್ತು. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ಉಪನ್ಯಾಸದಷ್ಟೇ ತೂಕ ಚರ್ಚೆಗೂ ಇದೆ, ಸಂಜೆಗೆ ನಾಟಕ ಬೇರೆ. ಮೇಷ್ಟ್ರು, ಅಡಿಕೆ ಬೆಳೆಗಾರ, ಬ್ಯಾಂಕ್ ನೌಕರ ಒಂದೇ ಸಾಲಿನಲ್ಲಿ ಕೂರುತ್ತಾರೆ. ಜೆಎನ್‌ಯುನಲ್ಲಿ ಅದಿಲ್ಲ, ಕೇಳುವವರೆಲ್ಲ ಗೇಟಿನ ಒಳಗಿನವರೇ. ಪಕ್ಕದ ಮುನಿರ್ಕಾದ ಅಂಗಡಿಯವನಿಗೆ ಆ ಪರ್ಚಾ ತಲುಪದು.

ಹೋಳಿಯ ಹಿಂದಿನ ರಾತ್ರಿ ಅಲ್ಲೊಂದು ‘ಚಾಟ್ ಸಮ್ಮೇಳನ’ ನಡೆಯುತ್ತದೆ. ಚಾಟ್ ಎಂದರೆ ತಿಂಡಿಯಲ್ಲ, ಮಾತಿನಿಂದ ತಲೆ ತಿನ್ನುವವನು. ಅತಿ ಹೆಚ್ಚು ಬೇಸರ ಹುಟ್ಟಿಸಿದವನಿಗೇ ಗೆಲುವು. ನಮ್ಮ ಅಧ್ಯಕ್ಷೀಯ ಭಾಷಣಗಳನ್ನು ಕಳಿಸಿದರೆ ಪೈಪೋಟಿಯೇ ಇರದು.

2015ರಿಂದ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ, ದಿಲ್ಲಿಯಲ್ಲಿ ಕನ್ನಡ ಸಂಘಟನೆಗಳಿವೆ, ನವೆಂಬರಿನಲ್ಲಿ ಕಾರ್ಯಕ್ರಮಗಳೂ ಇವೆ. ಹೊರನಾಡಿನ ನಾವು ಪ್ರಯೋಗಕ್ಕೆ ಮೊದಲಿಗರಾಗಬಹುದು. ಅತಿಥಿಗಳನ್ನು ವೇದಿಕೆಗೆ ಹತ್ತಿಸದೆ ಮುಂದಿನ ಸಾಲಿನಲ್ಲಿ ಕೂರಿಸಿ. ಸ್ವಾಗತ, ಪ್ರಾಸ್ತಾವಿಕ ಎರಡೂ ಒಬ್ಬರಿಗೇ, ಐದು ನಿಮಿಷ. ಸನ್ಮಾನ ಕೊನೆಗಿರಲಿ, ಏಕೆಂದರೆ ಶಾಲು ಹೊದ್ದ ಅತಿಥಿ ಮುಂದಿನ ಕಾರ್ಯಕ್ರಮಕ್ಕೆ ಹೊರಟುಬಿಡುತ್ತಾರೆ. ‘6.40ರಿಂದ 7.20: ಸಂವಾದ’ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಅಚ್ಚಾದುದನ್ನು ನಿರೂಪಕರು ಸುಲಭಕ್ಕೆ ನುಂಗಲಾರರು. ಮೊದಲ ಸುತ್ತು ಹಿಂದೆಂದೂ ಪ್ರಶ್ನೆ ಕೇಳದವರಿಗೆ, ಬೇಕಾದರೆ ಚೀಟಿಯಲ್ಲಿ. ವಂದನಾರ್ಪಣೆಯನ್ನು ಮಾತ್ರ ಕೈಬಿಡಬೇಡಿ. ಮೈಕಿನವರ ಹೆಸರು, ಅಡುಗೆಯವರ ಹೆಸರು ಹೇಳಿ ನೆನೆಯುವ ನಮ್ಮ ಈ ಪದ್ಧತಿ ಜೆಎನ್‌ಯು ಮೆಸ್ಸಿಗೂ ಬೇಕಾದದ್ದು.