ಎಳೆಮಗುವಿನ ಡಾಕ್ಟರು ಮಲೆನಾಡಿಗೆ ವಾಪಸ್ ಬರುವ ದಾರಿ

ಅಕ್ಕನ ಮಗಳು ಮಕ್ಕಳ ವಿಭಾಗದಲ್ಲಿ ಎಂ.ಡಿ. ಮುಗಿಸಿದ್ದಾಳೆ. ಇನ್ನೂ 3 ವರ್ಷ ಓದಿ ನಿಯೋನೇಟಾಲಜಿಯಲ್ಲಿ ಡಿ.ಎಂ. ಮಾಡಬೇಕು ಅನ್ನೋದು ಅವಳ ಆಸೆ. ಅಂದರೆ ಹುಟ್ಟಿದ ಮೊದಲ 28 ದಿನದ ಮಕ್ಕಳನ್ನು ನೋಡುವ ಡಾಕ್ಟರು. ತಿಂಗಳು ತುಂಬದೆ ಹುಟ್ಟಿದವು, ಹುಟ್ಟಿದ ಕೂಡಲೇ ಅಳದವು, ಮೈಗೆಲ್ಲ ನಂಜೇರಿದವು, ಇಂಥ ಮಕ್ಕಳೇ ಅವರ ಕೈಗೆ ಬರುವುದು. ಕಳೆದ ತಿಂಗಳು ಫೋನಿನಲ್ಲಿ ಕೇಳಿದಳು: "ಮಾವ, ಡಿ.ಎಂ. ಮಾಡಿದ್ರೆ ಆಮೇಲೆ ನಾನು ನಮ್ಮ ಕಡೆ ಬರೋಕೇ ಆಗಲ್ಲ ಅಲ್ವಾ?"

ನಾನು ಡಾಕ್ಟರಲ್ಲ. ಇಂಗ್ಲೆಂಡಿನ ಲೀಡ್ಸ್ ಹತ್ತಿರ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಎರಡು ರಾತ್ರಿಗಳು ಕಾರಣ.

ಮೊದಲನೆಯದು 2007ರ ಜುಲೈ. ಅಕ್ಕನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆರಿಗೆಯಾದ ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿರಲಿಲ್ಲ. ಇದ್ದವರಿಗೆ ವರ್ಗವಾಗಿತ್ತು, ಬದಲಿಗೆ ಯಾರೂ ಬಂದಿರಲಿಲ್ಲ. "ಬೇಗ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂದರು. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದೇ ಅದರ ಮರುವರ್ಷ. ಒಂದು ಬಾಡಿಗೆ ಓಮ್ನಿ ಸಿಕ್ಕಿತು. ಧೋ ಅಂತ ಮಳೆ. ಮುಂದೆ ನಾನು, ಹಿಂದೆ ಅಮ್ಮ, ಅಮ್ಮನ ಮಡಿಲಲ್ಲಿ ಹಳೇ ಪಂಚೆ ಸುತ್ತಿದ ಮಗು. ಆನಂದಪುರದವರೆಗೂ ಸಣ್ಣಗೆ ಮುಲುಗುತ್ತಿತ್ತು. ಕುಂಸಿ ಹತ್ತಿರ ಅಮ್ಮ "ಕಾಲು ತಣ್ಣಗಾಗಿದೆ ಕಣೋ" ಅಂದಳು. ಆಯನೂರು ದಾಟುವಷ್ಟರಲ್ಲಿ ಆ ಸದ್ದೂ ನಿಂತಿತ್ತು.

ಇಂಥ ಮಕ್ಕಳ ಮೈಯಲ್ಲಿ ಕೊಬ್ಬು ತೀರಾ ಕಮ್ಮಿ. ಬೆಚ್ಚಗೆ ಇಡದಿದ್ದರೆ ನೋಡನೋಡುತ್ತಲೇ ತಣ್ಣಗಾಗುತ್ತವೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡಿಕೊಳ್ಳದ ಹಾಗೆ ನೋಡಿಕೊಳ್ಳುವ ಸರ್ಫ್ಯಾಕ್ಟಂಟ್ ಅನ್ನುವ ವಸ್ತುವೂ ಸಾಕಷ್ಟು ಇರುವುದಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಗಂಡುಮಗು ಇದೇ ತೊಂದರೆಯಿಂದ ಎರಡೇ ದಿನಕ್ಕೆ ತೀರಿಕೊಂಡಿತು. ಅಷ್ಟು ದೊಡ್ಡವರ ಮನೆಯ ಮಗುವಿಗೂ ಆಗ ಔಷಧಿ ಇರಲಿಲ್ಲ. 1980ರಲ್ಲಿ ಜಪಾನಿನ ವೈದ್ಯ ಫುಜಿವಾರ ಹೊರಗಿನಿಂದ ಸರ್ಫ್ಯಾಕ್ಟಂಟ್ ಕೊಟ್ಟು ಮಕ್ಕಳನ್ನು ಉಳಿಸಬಹುದು ಅಂತ ತೋರಿಸಿದರು. ನಮ್ಮ ಮಗು ಹುಟ್ಟಿದ್ದು ಅದಾಗಿ 27 ವರ್ಷಕ್ಕೆ. ಔಷಧಿ ಇತ್ತು, ಯಂತ್ರ ಇತ್ತು. ನಡುವೆ ರಸ್ತೆಯೂ ಇತ್ತು.

ಎರಡನೆಯ ರಾತ್ರಿ 2016ರದ್ದು, ಇಲ್ಲಿ ಇಂಗ್ಲೆಂಡಿನಲ್ಲಿ. ನನ್ನ ಮಗಳು 29 ವಾರಕ್ಕೆ ಹುಟ್ಟಿದಳು. ತೂಕ 1 ಕೆ.ಜಿ. 150 ಗ್ರಾಂ. ಅದೂ ಸಣ್ಣ ಊರಿನ ಆಸ್ಪತ್ರೆಯೇ. ಅಷ್ಟು ಚಿಕ್ಕ ಮಗುವನ್ನು ಇಟ್ಟುಕೊಳ್ಳುವ ಸೌಲಭ್ಯ ಅಲ್ಲಿರಲಿಲ್ಲ. ದೊಡ್ಡ ಆಸ್ಪತ್ರೆಯಿಂದ ಒಬ್ಬ ಡಾಕ್ಟರು, ಒಬ್ಬ ನರ್ಸ್ ಬಂದರು. ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್, ಉಸಿರಾಡಿಸುವ ವೆಂಟಿಲೇಟರ್ ಎಲ್ಲ ಅವರ ಗಾಡಿಯಲ್ಲೇ ಇತ್ತು. ಬಂದವರು ತಕ್ಷಣ ಹೊರಡಲಿಲ್ಲ. ಎರಡು ಗಂಟೆ ಮಗುವಿನ ಪಕ್ಕದಲ್ಲೇ ಇದ್ದು ಕೆಲಸ ಮಾಡಿದರು. ನನಗೆ ಆ ಓಮ್ನಿಯೇ ಕಣ್ಣ ಮುಂದೆ. "ಯಾಕೆ ಹೊರಡ್ತಿಲ್ಲ?" ಅಂತ ಕೇಳಿದೆ. ಆ ಡಾಕ್ಟರಮ್ಮ ಹೇಳಿದರು, "ಮೈ ಬೆಚ್ಚಗಾಗಲಿ, ಉಸಿರು ಒಂದು ಹದಕ್ಕೆ ಬರಲಿ. ಐಸಿಯು ನಿಮ್ಮ ಮಗುವಿನ ಹತ್ತಿರ ಬಂದಾಗಿದೆ. ಇನ್ನು ಅವಸರ ಇಲ್ಲ."

ಗಾಡಿಗಿಂತ ನನ್ನ ಮನಸ್ಸಲ್ಲಿ ಜಾಸ್ತಿ ಉಳಿದದ್ದು ಬೇರೆ ಸಂಗತಿ. ಅಲ್ಲಿನ ನರ್ಸ್‌ಗಳು ಆ ಡಾಕ್ಟರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ವಿಚಾರಿಸಿದರೆ, ಹಿಂದಿನ ವರ್ಷ ಅವರು ಅದೇ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರಂತೆ. ಇನ್ನೂ ಅವರ ತರಬೇತಿ ಮುಗಿದಿರಲಿಲ್ಲ. ಬ್ರಿಟನ್ನಿನಲ್ಲಿ ವೈದ್ಯಕೀಯ ಕಾಲೇಜು 5 ವರ್ಷ, ಆಮೇಲೆ 2 ವರ್ಷ ಬೇರೆ ಬೇರೆ ವಿಭಾಗಗಳಲ್ಲಿ ಓಡಾಟ, ಆಮೇಲೆ ಮಕ್ಕಳ ವಿಭಾಗದಲ್ಲಿ ಸುಮಾರು 7–8 ವರ್ಷ. ಆಯ್ಕೆಯಾದವರು ಅದರ ಕೊನೆಯ ವರ್ಷಗಳನ್ನು ಪೂರ್ತಿ ಎಳೆಮಕ್ಕಳಿಗೇ ಕೊಡುತ್ತಾರೆ. ಈ ಅವಧಿಯಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಒಂದು ಆಸ್ಪತ್ರೆ. ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು, ಎಲ್ಲವೂ ಅದೇ ಸೀಮೆಯಲ್ಲಿ. ಒಬ್ಬರು ಹೋಗುವಾಗ ಇನ್ನೊಬ್ಬರು ಬರುತ್ತಾರೆ. ಹಾಗಾಗಿ ಸಣ್ಣ ಆಸ್ಪತ್ರೆಗೆ ಯಾರೂ ಇಲ್ಲ ಅನ್ನುವ ಪರಿಸ್ಥಿತಿ ಬರುವುದು ಕಮ್ಮಿ.

ಇದರ ಕಷ್ಟವನ್ನೂ ಹೇಳಬೇಕು. ನಮ್ಮ ಪಕ್ಕದ ಮನೆಯಲ್ಲೇ ಹೀಗೆ ಓಡಾಡುವ ಮಕ್ಕಳ ಡಾಕ್ಟರೊಬ್ಬರಿದ್ದರು. ಮನೆ ಖಾಲಿ ಮಾಡಿ ಮಾಡಿ ಸಾಕಾಗಿ, ಕೊನೆಗೆ ವಾರಕ್ಕೆ ಮೂರೇ ದಿನದ ಕೆಲಸ ಕೇಳಿ ತೆಗೆದುಕೊಂಡರು. ನರ್ಸ್‌ಗಳ ಕೊರತೆ ಅಲ್ಲೂ ಇದೆ. ಬಾಣಂತನಕ್ಕೆ ತಾಯಿ, ಅತ್ತೆ, ಅಕ್ಕ ಅಂತ ಯಾರೂ ಇಲ್ಲದೆ ನನ್ನ ಹೆಂಡತಿ ಪಟ್ಟ ಪಾಡನ್ನು ನಾನು ಮರೆಯುವ ಹಾಗಿಲ್ಲ.

ನಮ್ಮಲ್ಲಿ ದಾರಿ ಬೇರೆ ಥರ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. 3, ಡಿ.ಎಂ. 3. ಪ್ರತಿ ಮೆಟ್ಟಿಲಿಗೂ ಒಂದು ನೀಟ್ ಪ್ರವೇಶ ಪರೀಕ್ಷೆ. ತಯಾರಿಗೆ ಅಂತ ನಡುವೆ ಹೋಗುವ ವರ್ಷಗಳು ಬೇರೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಹುಡುಗಿ ಊರಿಂದ ಇನ್ನಷ್ಟು ದೂರ. ಡಿ.ಎಂ. ಆದವರಿಗೆ ವೆಂಟಿಲೇಟರ್ ಸಾಲದು. ರಾತ್ರಿಯಿಡೀ ಮಗುವಿನ ಮೇಲೆ ಕಣ್ಣಿಡುವ ಪಳಗಿದ ನರ್ಸ್‌ಗಳು ಬೇಕು. ಎಳೆಮಕ್ಕಳ ಆಪರೇಷನ್ ಮಾಡುವ ಸರ್ಜನ್ ಬೇಕು. ತಿಂಗಳು ತುಂಬದ ಮಕ್ಕಳ ಕಣ್ಣಿನ ಪರದೆ ಕೆಡದಂತೆ ನೋಡಿಕೊಳ್ಳುವ ಕಣ್ಣಿನ ಡಾಕ್ಟರು ಬೇಕು. ಇವೆಲ್ಲ ಒಟ್ಟಿಗೆ ಸಿಗುವುದು ಬೆಂಗಳೂರು, ಮಣಿಪಾಲ, ಮಂಗಳೂರಿನಂಥ ಕಡೆ. ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

2007ಕ್ಕೂ ಈಗಿಗೂ ತುಂಬಾ ವ್ಯತ್ಯಾಸ ಇದೆ, ಅದು ನಿಜ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಜೊತೆ ಸರ್ಕಾರಿ ವೈದ್ಯಕೀಯ ಕಾಲೇಜೂ ಈಗ ಬೆಳೆದು ನಿಂತಿದೆ. ಜಿಲ್ಲೆಗೊಂದು ನವಜಾತ ಶಿಶು ಘಟಕ, ತಾಲೂಕು ಮಟ್ಟದಲ್ಲಿ ನಾಲ್ಕು ಹಾಸಿಗೆಯ ಚಿಕ್ಕ ಘಟಕ, ಮನೆಗೇ ಬಂದು ಮಗು ನೋಡುವ ಆಶಾ ಕಾರ್ಯಕರ್ತೆ ಅಂತ ಏರ್ಪಾಡು ಚೆನ್ನಾಗಿಯೇ ಇದೆ. ತೊಂದರೆ ಎಲ್ಲಿ ಅಂದರೆ, ತಾಲೂಕಿನಲ್ಲಿ ಇಡೀ ಭಾರ ಒಬ್ಬರ ಮೇಲೆ. ಅವರು ರಜೆ ಹಾಕಿದರೆ ಮಗುವನ್ನು ಬೆಚ್ಚಗಿಡುವ ವಾರ್ಮರ್ ಉರಿಯುತ್ತಿರುತ್ತದೆ, ಪಕ್ಕದಲ್ಲಿ ಡಾಕ್ಟರಿಲ್ಲ.

ಈಗ ಎಂ.ಡಿ. ಓದುವವರು 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಇರಬೇಕು. ಅಕ್ಕನ ಮಗಳೂ ಹಾಗೆ ಘಟ್ಟದ ಮೇಲಿನ ಒಂದು ಆಸ್ಪತ್ರೆಯಲ್ಲಿದ್ದಳು. ಮೊದಲ ತಿಂಗಳು ಜಾಗ ಅರ್ಥ ಮಾಡಿಕೊಳ್ಳುವುದರಲ್ಲೇ ಹೋಯಿತಂತೆ. ಎರಡನೆಯ ತಿಂಗಳು ಇಬ್ಬರು ನರ್ಸ್‌ಗಳಿಗೆ ಕೂತು ಕಲಿಸಿದಳು. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದಲ್ಲೇ ಮಾಸ್ಕ್ ಇಟ್ಟು ಬ್ಯಾಗ್ ಒತ್ತಬೇಕು. ಅದನ್ನು ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸಿದಳು. ಮೂರನೆಯ ತಿಂಗಳು ಅವರು ಅವಳಿಗಿಂತ ಚುರುಕಾಗಿದ್ದರು. ಅವಳು ಹೊರಟಳು. ಸ್ವಲ್ಪ ದಿನಕ್ಕೆ ಆ ಇಬ್ಬರನ್ನೂ ಬೇರೆ ವಾರ್ಡಿಗೆ ಹಾಕಿದರು. ಇದನ್ನು ಹೇಳುವಾಗ ಅವಳ ದನಿ ನಡುಗುತ್ತಿತ್ತು.

ನನ್ನ ಕೋಪವೂ ಅಲ್ಲೇ. ಕಲಿತ ಕೈಗಳನ್ನು ಹೀಗೆ ಚದುರಿಸಬಾರದು. ಎಳೆಮಕ್ಕಳ ಘಟಕದ ನರ್ಸ್‌ಗಳು ಅಲ್ಲೇ ವರ್ಷಗಟ್ಟಲೆ ಇರಬೇಕು. ಡಾಕ್ಟರ ವಿಷಯದಲ್ಲಿ ಒಬ್ಬರನ್ನೇ ಒಂದು ತಾಲೂಕಿಗೆ ಕಟ್ಟಿಹಾಕುವುದು ಬೇಡ. ಶಿವಮೊಗ್ಗವನ್ನು ನಡುಮನೆ ಮಾಡಿಕೊಂಡು ಐದಾರು ಜನರ ಒಂದು ತಂಡ ಇರಲಿ. ಸಾಗರ, ತೀರ್ಥಹಳ್ಳಿ, ಶಿಕಾರಿಪುರಗಳಿಗೆ ಸರದಿಯಲ್ಲಿ ಹೋಗಿ ಬರಲಿ. ದೊಡ್ಡ ಘಟಕದ ಕೆಲಸವೂ ಅವರ ಕೈ ತಪ್ಪದಿರಲಿ. 3 ತಿಂಗಳ ಆ ಕಡ್ಡಾಯ ಸೇವೆಯವರು ಇದೇ ತಂಡಕ್ಕೆ ಬಂದು ಸೇರಲಿ. ಎಲ್ಲರೂ ಡಿ.ಎಂ. ಆಗಿರಬೇಕು ಅಂತೇನಿಲ್ಲ. ಎಂ.ಡಿ. ಆದವರಿಗೆ ಎಳೆಮಕ್ಕಳ ವಿಷಯದಲ್ಲೇ ತರಬೇತಿ ಕೊಡುವ ಒಂದು ವರ್ಷದ ಫೆಲೋಶಿಪ್‌ಗಳೂ ಇವೆ. ತಂಡದ ಕೈಗೆ ಒಂದು ಒಳ್ಳೆಯ ಗಾಡಿಯನ್ನೂ ಕೊಡಲಿ. ಮೊದಲೇ ಗೊತ್ತಾದರೆ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಲಿ. ತಾಯಿಯ ಹೊಟ್ಟೆಯಷ್ಟು ಬೆಚ್ಚಗಿನ ಆಂಬುಲೆನ್ಸ್ ಬೇರೆ ಇಲ್ಲ ಅಲ್ವಾ?

ಹೀಗೊಂದು ತಂಡ ಇದ್ದರೆ ಅಕ್ಕನ ಮಗಳು ಡಿ.ಎಂ. ಮುಗಿಸಿ ಬಂದು ಸೇರಬಹುದು. ಕಲಿತ ವಿದ್ಯೆಗೆ ಕೆಲಸ ಸಿಗುತ್ತದೆ, ರಾತ್ರಿ ಫೋನ್ ಮಾಡಿ ಕೇಳಲು ಜೊತೆಯವರಿರುತ್ತಾರೆ. ಸಂಬಳಕ್ಕಿಂತ ಆ ಎರಡನೆಯದೇ ಮುಖ್ಯ ಅಂತ ಅವಳು ಅನ್ನುತ್ತಾಳೆ.

"ಡಿ.ಎಂ. ಮಾಡು" ಅಂತಲೇ ಹೇಳಿದೆ. ಅವಳು ಸುಮ್ನೆ ಕೂತಿಲ್ಲ. ಜೊತೆಯ ಇಬ್ಬರು ಡಾಕ್ಟರುಗಳ ಜೊತೆ ಸೇರಿ ಆರೋಗ್ಯ ಇಲಾಖೆಗೆ ಕೊಡಲು ಒಂದು ಮನವಿ ಬರೆದಿದ್ದಾಳೆ. ಓದಿ ನೋಡಿ ಅಂತ ನನಗೂ ಕಳಿಸಿದ್ದಾಳೆ. ಕೊನೆಯ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದ ಒಂದು ನಕ್ಷೆ ಇದೆ. ಸಾಗರ, ಆನಂದಪುರ, ಕುಂಸಿ, ಆಯನೂರು, ಶಿವಮೊಗ್ಗ. ಮಳೆಗಾಲದಲ್ಲಿ ಒಂದೊಂದು ಊರು ತಲುಪಲು ಎಷ್ಟು ನಿಮಿಷ ಬೇಕು ಅಂತ ಪಕ್ಕದಲ್ಲಿ ಗುರುತು ಹಾಕಿದ್ದಾಳೆ. 2007ರಲ್ಲಿ ಅವಳಿಗೆ ಒಂಬತ್ತು ವರ್ಷ. ಅಟ್ಟದಿಂದ ಇಳಿಸಿದ್ದ ತೊಟ್ಟಿಲನ್ನು ಒರೆಸಿಟ್ಟುಕೊಂಡು ಜಗಲಿಯ ಮೇಲೆ ನಮ್ಮನ್ನು ಕಾಯುತ್ತಿದ್ದಳು.