ಮೊದಲ ಮುದ್ರಣ ಅಂತ ಸುಮ್ಮನೆ ಹೇಳಬೇಡ್ರಿ

ಬೆಳಗಾವಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಿತ್ತೂರಿನ ಕದನದ್ದೋ, ಆದಿಲಶಾಹಿ ಕಾಲದ್ದೋ ಕಾದಂಬರಿ ಕೈಗೆತ್ತಿಕೊಂಡರೆ ಸಾಕು, ‘ಮೊದಲ ಮುದ್ರಣ ಐತ್ರೀ’ ಅಂತ ಮೂರು ಪಟ್ಟು ರೇಟು ಹೇಳ್ತಾರೆ. ತೆರೆದು ನೋಡಿದರೆ ಮುದ್ರಣದ ವಿವರ ಇರೋ ಹಾಳೆಯೇ ಹರಿದಿರುತ್ತದೆ. ಕೆಲವದರಲ್ಲಿ ಮುನ್ನುಡಿಯ ಕೆಳಗಿನ ಇಸವಿ ತೋರಿಸಿ ವಾದ ಮಾಡ್ತಾರೆ. ಮುನ್ನುಡಿ ಪ್ರತಿ ಮುದ್ರಣದಲ್ಲೂ ಹಾಗೇ ಬರುತ್ತದೆ, ಅದು ಯಾವ ಪುರಾವೆ?

ಹಾಳೆ ಇಲ್ಲದಿದ್ದರೂ ಪುಸ್ತಕ ಸುಳ್ಳು ಹೇಳೋದಿಲ್ಲ. 1955ರದ್ದು ಅಂದರೆ ಬೆಲೆ ರೂಪಾಯಿ-ಆಣೆಯಲ್ಲಿರಬೇಕು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಪ್ರಕಾಶಕರ ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದೇ. ಹದಿಮೂರು ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರಂತೂ ಮುಗೀತು, ಅದು ಜಾರಿಗೆ ಬಂದದ್ದೇ 2007ರಲ್ಲಿ.

ಇನ್ನು ನಿಜವಾದ ಮೊದಲ ಮುದ್ರಣದ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ರಂಥಾಲಯದ್ದಾದರೆ ಚಿತ್ರದ ಹೊದಿಕೆ ಕಿತ್ತು ರೆಕ್ಸಿನ್ ಹಾಕಿ, ಅಂಚು ನೇರ ಮಾಡಲು ಮೂರೂ ಕಡೆ ಕತ್ತರಿಸಿರುತ್ತಾರೆ; ಪುಟಸಂಖ್ಯೆಯೇ ಅರ್ಧ ಹೋಗಿರುತ್ತದೆ. ಕೋಟೆಯ ನಕ್ಷೆ ಇದ್ದ ಮಡಚುಹಾಳೆ ಮೊದಲು ಹೋಗೋದು. ಅಂಗಡಿಯವರು ಹರಿದಲ್ಲಿ ಸೆಲೋಟೇಪ್ ಅಂಟಿಸ್ತಾರೆ, ಅದರ ಅಂಟು ಕೆಲವು ವರ್ಷಕ್ಕೆ ಕಾಗದದೊಳಗೆ ಇಳಿದು ಕಂದು ಕಲೆ ಮಾಡುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಹೋಗೋದಿಲ್ಲ. ಹರಿದದ್ದು ಹರಿದಂಗೇ ಬಿಡ್ರಿ. ಬೆಲೆ ಬರೆಯಲೇಬೇಕಂದರೆ ಬಾಲ್‌ಪೆನ್ ಬೇಡ, ಮೆತ್ತನೆ ಪೆನ್ಸಿಲ್‌ನಲ್ಲಿ ಕೊನೇ ಹಾಳೆಯ ಮೂಲೆಗೆ ಬರೀರಿ.