ನಿಕೋಟಿನ್ ಗಮ್ ಮಾರೋರೇ, ಅಗಿಯೋದು ಹೇಗೆ ಅಂತಾನೂ ಹೇಳಿ

ಈಗಷ್ಟೇ ಮೆಡಿಕಲ್ ಶಾಪ್ ಮುಂದೆ ನೋಡಿದ್ದು. ಇಪ್ಪತ್ತೈದರ ಆಸುಪಾಸಿನ ಹುಡುಗ, ಒಂದು ಕೈಯಲ್ಲಿ ಬೈ ಟು ಕಾಫಿ, ಇನ್ನೊಂದರಲ್ಲಿ ಆಗ ತಾನೇ ಕೊಂಡ ನಿಕೋಟಿನ್ ಗಮ್, ಸಿಗರೇಟು ಬಿಡೋರು ಅಗಿಯೋ ಔಷಧಿ. ಒಂದನ್ನ ಬಾಯಿಗೆ ಹಾಕ್ಕೊಂಡು ಮಾಮೂಲಿ ಚೂಯಿಂಗ್ ಗಮ್ ಥರ ಕಚಕಚ ಅಗಿದ, ಮೇಲೆ ಗುಟುಕು ಗುಟುಕಾಗಿ ಕಾಫಿ. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ಶುರು. ಉಗಿದುಬಿಟ್ಟ. "ಇದು ವರ್ಕ್ ಆಗಲ್ಲ ಮಗಾ, ವೇಪೇ ವಾಸಿ" ಅಂತ ಪಕ್ಕದವನಿಗೆ ಹೇಳಿದ. (ವೇಪ್ ಅಂದ್ರೆ ನಿಕೋಟಿನ್ ದ್ರವವನ್ನ ಆವಿ ಮಾಡಿ ಎಳೆಯೋ ಇ-ಸಿಗರೇಟು.) ಅಂಗಡಿಯವರು ನೋಡ್ತಾನೇ ಇದ್ರು, ಒಂದು ಮಾತು ಹೇಳಲಿಲ್ಲ. ಸಿಟ್ಟು ಬಂದಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾಳೆ ಆ ಹುಡುಗ ಮತ್ತೆ ಸಿಗರೇಟು ಹಚ್ಚಿದ್ರೆ ಮನೆಯವರು ಏನಂತಾರೆ ಗೊತ್ತಲ್ಲ? "ಮನಸ್ಸು ಗಟ್ಟಿ ಇಲ್ಲ." ಈ ಮಾತು ಕೇಳಿದ್ರೆ ಮೈ ಉರಿಯುತ್ತೆ ನನಗೆ. ತಗೊಳ್ಳೋ ಕ್ರಮ ಹೇಳಿಕೊಡದೆ ಔಷಧಿ ಕೈಗಿಟ್ಟು, ಅದು ಫಲ ಕೊಡದಿದ್ರೆ ತಗೊಂಡವನ ಮನಸ್ಸಿನ ಮೇಲೆ ತಪ್ಪು ಹೊರಿಸೋದು ಅನ್ಯಾಯ.

ಈ ಗಮ್ಮನ್ನ ಒಂದೇ ಸಮ ಅಗಿಯೋ ಹಾಗಿಲ್ಲ. ನಿಧಾನಕ್ಕೆ ಹತ್ತು ಹದಿನೈದು ಸಲ ಕಚ್ಚಿ. ಮೆಣಸು ಕಡಿದಂಥ ಖಾರ, ಇಲ್ಲ ನಾಲಿಗೆ ಜುಮುಜುಮು ಅನ್ನೋದು ಗೊತ್ತಾದ ಕೂಡಲೇ ನಿಲ್ಲಿಸಿ. ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಟ್ಟು ಸುಮ್ಮನಿರಿ. ಒಂದು ನಿಮಿಷದಲ್ಲಿ ಖಾರ ಇಳಿಯುತ್ತೆ. ಆಗ ಮತ್ತೆ ಒಂದೆರಡು ಸಲ ಕಚ್ಚಿ, ಇನ್ನೊಂದು ಕೆನ್ನೆಗೆ ಸರಿಸಿ. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಪದರದ ಮೂಲಕ. ಗಬಗಬ ಅಗಿದ್ರೆ ಜೊಲ್ಲಿನ ಜೊತೆ ಹೊಟ್ಟೆಗಿಳಿಯುತ್ತೆ; ಅಲ್ಲಿಂದ ಲಿವರ್‌ಗೆ ಹೋಗಿ ಬಹುಪಾಲು ಅಲ್ಲೇ ಕರಗಿಹೋಗುತ್ತೆ. ನಿಮಗೆ ಉಳಿಯೋದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಆ ಹುಡುಗನಿಗೆ ಆಗಿದ್ದೂ ಇದೇ.

ಇನ್ನು ಕಾಫಿ. ಕಾಫಿ, ಜ್ಯೂಸ್, ಸೋಡಾ ಯಾವುದೇ ಇರಲಿ, ಬಾಯಿಯಲ್ಲಿ ಹುಳಿ ಅಂಶ ಹೆಚ್ಚಿಸುತ್ತೆ. ಹುಳಿ ಇದ್ದಾಗ ನಿಕೋಟಿನ್ ಕೆನ್ನೆಯನ್ನ ದಾಟೋದೇ ಇಲ್ಲ ಅನ್ನೋಷ್ಟು ಕಮ್ಮಿ. ಗಮ್ ಹಾಕೋಕೆ 15 ನಿಮಿಷ ಮುಂಚೆಯಿಂದ ಅದು ಬಾಯಲ್ಲಿರೋವರೆಗೆ ನೀರು ಬಿಟ್ಟು ಏನೂ ಬೇಡ. ನಮ್ಮೂರಲ್ಲಿ ಕಾಫಿಗೂ ಸಿಗರೇಟಿಗೂ ಇರೋ ನಂಟು ಎಲ್ಲರಿಗೂ ಗೊತ್ತು, ಅಂದಮೇಲೆ ಮೊದಲು ಹೇಳಬೇಕಾದ ಮಾತೇ ಇದು.

ಡೋಸ್ ವಿಷಯ. ಬೆಳಗ್ಗೆ ಎದ್ದು ಅರ್ಧ ಗಂಟೆ ಒಳಗೇ ಮೊದಲ ಸಿಗರೇಟು ಬೇಕಾಗೋರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಉಳಿದವರಿಗೆ 2. ಚೀಟಿ ಇಲ್ಲದೆ ಸಿಗೋದು 2ರದ್ದು, 4ಕ್ಕೆ ವೈದ್ಯರನ್ನ ಕಾಣಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ ಒಂಬತ್ತಾದರೂ ಬೇಕು. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಹೆಚ್ಚಿನವರು ದಿನಕ್ಕೆ ಎರಡೋ ಮೂರೋ ತಗೊಂಡು "ಹೆಚ್ಚು ತಗೊಂಡ್ರೆ ಇದೇ ಚಟ ಆಗುತ್ತೆ" ಅಂತ ಹೆದರಿ ನಿಲ್ಲಿಸಿಬಿಡ್ತಾರೆ. ಆ ಹೆದರಿಕೇನೂ ತೆಗೆಯೋರಿಲ್ಲ.

ಸಿಗರೇಟಿನ ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತೆ. ಗಮ್‌ನದ್ದು ರಕ್ತದಲ್ಲಿ ಪೂರ್ತಿ ಏರೋಕೆ ಅರ್ಧ ಗಂಟೆ ಹತ್ತಿರ ಬೇಕು. ತಲೆ ಕೆಟ್ಟು ಹೋದಮೇಲೆ ಹಾಕ್ಕೊಂಡ್ರೆ ಹೇಗೆ ಸಾಲುತ್ತೆ ಹೇಳಿ? ಹನ್ನೊಂದು ಗಂಟೆ ಬ್ರೇಕಿನಲ್ಲಿ ಸೇದೋ ಅಭ್ಯಾಸ ಇದ್ರೆ ಹತ್ತೂವರೆಗೇ ಹಾಕ್ಕೊಳ್ಳಿ.

ಈಗ "ವೇಪೇ ವಾಸಿ" ಅನ್ನೋ ಮಾತಿಗೆ ಬರ್ತೀನಿ. ಕರ್ನಾಟಕದಲ್ಲಿ ಇ-ಸಿಗರೇಟು 2016ರಲ್ಲೇ ನಿಷೇಧ ಆಯ್ತು, 2019ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ತಯಾರಿ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲ ಅಪರಾಧ. ಹಾಗಾಗಿ ಇಲ್ಲಿ ಸಿಗೋದೆಲ್ಲ ಕಳ್ಳಮಾಲು. ಒಳಗೇನಿದೆ ಅಂತ ಪರೀಕ್ಷೆ ಮಾಡೋರು ಯಾರೂ ಇಲ್ಲ. 5% ಅಂತ ಬರೆದಿದ್ರೆ ಮಿಲಿಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್ ಅಂತ ಅರ್ಥ, ಆ ಅಂಕಿ ನಿಜವೋ ಸುಳ್ಳೋ ಕೇಳೋಕೂ ಜಾಗ ಇಲ್ಲ. ಸಿಗರೇಟಿಗಾದ್ರೆ ಒಂದು ಕೊನೆ ಇದೆ, ಫಿಲ್ಟರ್ ತನಕ ಬಂದಮೇಲೆ ಬಿಸಾಕಲೇಬೇಕು. ವೇಪ್‌ಗೆ ಆ ಕೊನೆ ಇಲ್ಲ. ಹಾಸಿಗೆಯಲ್ಲಿ, ಬಾತ್‌ರೂಮಲ್ಲಿ, ಮೀಟಿಂಗ್ ನಡುವೆ ಎಳೀತಾನೇ ಇರ್ತಾರೆ, ನಿಕೋಟಿನ್ ಮೊದಲಿಗಿಂತ ಹೆಚ್ಚೇ ಆಗಿರಬಹುದು.

"ಬ್ರಿಟನ್ನಲ್ಲಿ ಸರ್ಕಾರವೇ ವೇಪ್ ಕೊಡುತ್ತಲ್ಲಾ?" ಅಂತ ಯಾರಾದ್ರೂ ಕೇಳೇ ಕೇಳ್ತೀರ. ಹೌದು, 2023ರಲ್ಲಿ ಸಿಗರೇಟು ಬಿಡಿಸೋಕೆ ಆ ಯೋಜನೆ ತಂದರು. ಅಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟೋ ಹಾಗಿಲ್ಲ, ದ್ರವ ತುಂಬೋ ಟ್ಯಾಂಕ್ 2 ಮಿಲಿಲೀಟರಿಗಿಂತ ದೊಡ್ಡದಿರೋ ಹಾಗಿಲ್ಲ, ಜೊತೆಗೆ ಕೂತು ಮಾತಾಡಿಸೋ ಸಲಹೆಗಾರರೂ ಇರ್ತಾರೆ. ಬಳಸಿ ಬಿಸಾಡೋ ವೇಪ್‌ಗಳನ್ನ 2025ರ ಜೂನ್‌ನಿಂದ ಅಲ್ಲೂ ನಿಷೇಧಿಸಿದ್ದಾರೆ. ಲಂಡನ್ನಿನಲ್ಲಿರೋ ನಮ್ಮ ಕನ್ನಡಿಗ ಗೆಳೆಯರು ಆ ದಾರಿ ಹಿಡಿದ್ರೆ ನನ್ನ ತಕರಾರಿಲ್ಲ. ಇಲ್ಲಿ ಕದ್ದುಮುಚ್ಚಿ ಸಿಗೋ ಬಣ್ಣದ ಡಬ್ಬಿಗೆ ಅಲ್ಲಿನ ವೈದ್ಯರ ಮಾತನ್ನ ಅಂಟಿಸಬೇಡಿ.

ವೇಪ್‌ಗೆ ಬದಲಾದವರ ಗೋಳು ಒಂದೇ: "ನಿಕೋಟಿನ್ ಸಿಗ್ತಿದೆ, ಆದ್ರೂ ಸಿಗರೇಟೇ ಬೇಕು ಅನ್ಸುತ್ತೆ." ಅದಕ್ಕೆ ಕಾರಣ ಇದೆ. ಮೆದುಳಿನಲ್ಲಿ ಖುಷಿ ಕೊಡೋ ಡೋಪಮಿನ್‌ನಂಥವನ್ನ ಒಡೆಯೋ ಎಂಎಒ ಅನ್ನೋ ಕಿಣ್ವವನ್ನ ತಗ್ಗಿಸೋ ಬೇರೆ ಪದಾರ್ಥಗಳು ತಂಬಾಕಿನ ಹೊಗೆಯಲ್ಲಿವೆ. ಶುದ್ಧ ನಿಕೋಟಿನ್ ಆ ಕೆಲಸ ಮಾಡಲ್ಲ. ಹಾಗಾಗಿ ಮೊದಲ ಕೆಲವು ವಾರ ಏನೋ ಕಮ್ಮಿ ಅನ್ಸೋದು ಸಹಜ, ಬರಬರುತ್ತಾ ಇಳಿಯುತ್ತೆ. ಆದರೆ ವೇಪ್ ಜೊತೆ ದಿನಕ್ಕೆರಡು ಸಿಗರೇಟು "ಅಷ್ಟೇ ತಾನೇ" ಅಂತ ಉಳಿಸಿಕೊಂಡ್ರೆ ಇಳಿಯೋದು ಕಷ್ಟ. ಬೀಡಾ ಅಂಗಡಿಯಲ್ಲಿ ಬಿಡಿ ಸಿಗರೇಟು ಮಾರೋದು ನಮ್ಮ ರಾಜ್ಯದಲ್ಲಿ ನಿಷಿದ್ಧ, ಆದ್ರೂ ಸಿಗುತ್ತೆ, ಆ ಎರಡು ಬರೋದು ಅಲ್ಲಿಂದಲೇ.

ಯಾರೂ ಹೇಳದ ಇನ್ನೊಂದು ವಿಷಯ. ಹೊಗೆಯಲ್ಲಿರೋ ಟಾರ್ ಅನ್ನೋ ಅಂಟು ಪದಾರ್ಥ ಲಿವರ್‌ನ ಚುರುಕು ಮಾಡಿ ಕೆಫೀನನ್ನ ಬೇಗ ಒಡೆಯೋ ಹಾಗೆ ಮಾಡಿರುತ್ತೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ತಗ್ಗುತ್ತೆ. ಅದೇ ನಾಲ್ಕು ಕಾಫಿಗೆ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಎದೆ ಡವಡವ, ಕೈ ನಡುಕ, ರೇಗೋದು, ನಿದ್ದೆ ಬರದಿರೋದು. ಇದನ್ನೇ ಜನ "ಸಿಗರೇಟು ಬಿಟ್ಟಿದ್ದಕ್ಕೆ ಹೀಗಾಗ್ತಿದೆ" ಅಂದ್ಕೊಂಡು ಒಂದು ಹಚ್ಚಿಬಿಡ್ತಾರೆ. ವೇಪ್‌ಗೆ ಹೋದವರಿಗೂ ಹೀಗೇ ಆಗುತ್ತೆ, ಯಾಕಂದ್ರೆ ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಬಿಡೋ ದಿನದಿಂದಲೇ ಕಾಫಿ ಅರ್ಧಕ್ಕಿಳಿಸಿ. ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳೋರು ಬಿಡೋ ಮುಂಚೆ ವೈದ್ಯರಿಗೆ ಖಂಡಿತ ಹೇಳಿ, ಇದೇ ಕಾರಣಕ್ಕೆ ಆ ಔಷಧಿಗಳ ಪ್ರಮಾಣವೂ ಬದಲಾಗಬೇಕಾಗಬಹುದು.

ಊಟ ಆದಮೇಲಿನ ತುಡಿತವೇ ಕೆಲವರಿಗೆ ಕಡೆಗೂ ಉಳಿಯೋದು. ಒಂದೊಂದು ಸಲದ್ದು ಕೆಲವೇ ನಿಮಿಷ. ಕೂತ ಜಾಗದಿಂದ ಏಳಿ, ಹಲ್ಲುಜ್ಜಿ, ಬಾಯಿಗೆ ಲವಂಗ, ಸೋಂಪು, ಏಲಕ್ಕಿ ಏನಾದ್ರೂ ಹಾಕ್ಕೊಳ್ಳಿ. ಅಡಿಕೆ ಮಾತ್ರ ಬೇಡ. ಮಲೆನಾಡಿನ ಗೆಳೆಯರು ಬೇಜಾರಾಗಬೇಡಿ, ತಂಬಾಕಿಲ್ಲದ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತೆ.

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದೋರಿಗೆ ಗಮ್ ಒಂದೇ ಸಾಲದಿದ್ರೆ 21 ಮಿಲಿಗ್ರಾಂ ಪ್ಯಾಚ್ ಜೊತೆಗೆ ಗಮ್ ಅಂತ ವೈದ್ಯರು ಬರೆದುಕೊಡ್ತಾರೆ. ಪ್ಯಾಚ್ ಅಂದ್ರೆ ನಿಕೋಟಿನ್ ಇರೋ ಪಟ್ಟಿ; ಅದನ್ನ ಕೂದಲಿಲ್ಲದ, ಒಣಗಿದ ಚರ್ಮಕ್ಕೆ, ದಿನಾ ಬೇರೆ ಜಾಗಕ್ಕೆ ಅಂಟಿಸಬೇಕು. ರಾತ್ರಿ ವಿಚಿತ್ರ ಕನಸು ಬಿದ್ರೆ ಮಲಗೋ ಮುಂಚೆ ಕಿತ್ತುಬಿಡಿ. ಹೃದಯದ ತೊಂದರೆ ಇರೋರು, ಗರ್ಭಿಣಿಯರು ವೈದ್ಯರನ್ನ ಕೇಳದೆ ಇವುಗಳಲ್ಲಿ ಯಾವುದನ್ನೂ ಶುರು ಮಾಡಬೇಡಿ.

ಸಿಗರೇಟು ಪ್ಯಾಕಿನ ಮೇಲೇ ತಂಬಾಕು ಬಿಡೋಕೆ ಸಹಾಯ ಮಾಡೋ ಒಂದು ನಂಬರ್ ಇದೆ, 1800-11-2356. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಅಂಗಡಿಯಲ್ಲಿ ಹೇಳಲಿಲ್ಲ ಅಂದ್ರೆ ಗಮ್ ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ ಕೇಳಿ. ಮೆಡಿಕಲ್ ಶಾಪ್ ಇಟ್ಟಿರೋ ಗೆಳೆಯರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಕೆಲವರಿದ್ದೀರಿ. ಮುಂದಿನ ಸಲ ಗಮ್ ಕೊಡುವಾಗ, ಆ ಕಾಫಿ ಲೋಟ ಕೆಳಗಿಡೋಕಾದ್ರೂ ಹೇಳಿ.